ಲುಮಿಂಗಕ್ಕನ ಮುಖ

ಗುರುವಾರ, ಮಾರ್ಚ್ 14. ನವೋತಾಸ್.

ಮುಷ್ಕರದ ಪೋಸ್ಟರಿಗೆ ನಾಳೆಯೇ ಚಿತ್ರ ಕೊಡಬೇಕು. ಯಾವುದನ್ನು?

ಹತ್ತು ವರ್ಷ ಕಪ್ಪು-ಬಿಳುಪಿನಲ್ಲಿ ಮುಖಗಳನ್ನೇ ತೆಗೆದೆ. ಹತ್ತಿರದಿಂದ, ಕಣ್ಣಿಗೆ ಕಣ್ಣಿಟ್ಟು. ಅದೇ ನನ್ನ ಶೈಲಿ ಎಂದು ಬೀಗಿದೆ. ಹೋದ ತಿಂಗಳು ಮೀನಿನ ಕಾರ್ಖಾನೆಯವರು ನನ್ನದೇ ಚಿತ್ರದಲ್ಲಿ ಘೋಷಣೆ ಕೂಗುತ್ತಿದ್ದ ತಮ್ಮ ಕೆಲಸದಾಕೆ ಲುಮಿಂಗಕ್ಕನನ್ನು ಗುರುತಿಸಿ ಕೆಲಸದಿಂದ ಕಿತ್ತರು. ಅನ್ನ ಕಸಿಯುವ ಶೈಲಿ ಎಂಥ ಶೈಲಿ? ಅದಕ್ಕೇ ಇವತ್ತು ಷಟರ್ ನಿಧಾನ ಮಾಡಿ, ಬಣ್ಣದಲ್ಲಿ, ಇಡೀ ಮೆರವಣಿಗೆಯನ್ನು ಮಸುಕಾದ ಕೆಂಪು ಹೊಳೆಯಾಗಿಸಿದೆ. ಒಬ್ಬರ ಗುರುತೂ ಸಿಗದು.

ಕಾರ್ಖಾನೆಯ ಗೇಟಿನೆದುರು ಮುಷ್ಕರದವರಿಗೆ ಗಂಜಿ ಕಲಕುತ್ತಿದ್ದ ಲುಮಿಂಗಕ್ಕ ಅದನ್ನು ಕ್ಯಾಮೆರಾದ ಪರದೆಯಲ್ಲಿ ನೋಡಿ ನಕ್ಕಳು.

"ಏನೋ ತಮ್ಮಾ, ಬಿಸಿಲಲ್ಲಿ ನಿಂತು ಸತ್ರೆ ನನ್ನ ಹೊಗೆ ಮಾಡಿದ್ದೀಯಲ್ಲೋ!"

"ನಿನ್ನ ಕೆಲಸ ಹೋಗಿದ್ದು ನನ್ನ ಫೋಟೋದಿಂದ, ಅಕ್ಕಾ."

"ಥೂ! ನಾನು ಕೂಗಿದ್ದಕ್ಕೆ ಹೋಯ್ತು. ಅದನ್ನೂ ನಿನ್ನ ಹೆಸರಿಗೆ ಬರ್ಕೋಬೇಡ. ನನ್ನ ಮುಖ ಹಾಕು."

ಅವಳ ಮುಖ ಅವಳದು, ಸರಿ. ಆದರೆ ಹಿಂದೆ ನಿಂತವರಿಗೆ ಇನ್ನೂ ಕೆಲಸವಿದೆ.

ಬೆಳಕು ಹರಿಯುತ್ತಲೇ ಮತ್ತೆ ಹೋಗುತ್ತೇನೆ. ಷಟರ್ ನಿಧಾನವೇ ಇರಲಿ. ಮಿಕ್ಕವರು ನಡೆಯಲಿ, ಮಸುಕಾಗಲಿ. ಅಲುಗದೆ ನಿಂತ ಲುಮಿಂಗಕ್ಕ ಒಬ್ಬಳೇ ಸ್ಪಷ್ಟವಾಗಿ ಮೂಡುತ್ತಾಳೆ. ಪೊಲೀಸರು ನುಗ್ಗಿದರೂ ಅವಳು ಅಲುಗುವವಳಲ್ಲ. ನಿಲ್ಲು ಎಂದು ಹೇಳುವ ನಾನು ಮಾತ್ರ ಕ್ಯಾಮೆರಾದ ಹಿಂದೆ, ಯಾರ ಕಣ್ಣಿಗೂ ಬೀಳದೆ...