ಬಂಡೆಯ ನೆರಳಿನಲ್ಲಿ ಕುರ್ಚಿಗಳು

ಇಜ್ಬೆತ್ ಸಫ್ವಾನ್, ಕೈರೋ
ಮಂಗಳವಾರ, 2 ಮೇ 1995

ನನ್ನ ಕಣ್ಣಿನ ಬೆಳಕೇ, ಇನ್ಶಿರಾಹ್,

ನಿನ್ನ ಅಮ್ಮನ ಸಲಾಮು. ಪೋರ್ಟ್ ಸಯೀದಿನ ಸಮುದ್ರದ ಗಾಳಿಗೆ ನಿನ್ನ ಕೆಮ್ಮು ಇಳಿದಿರಬಹುದೆಂದು ನಂಬಿದ್ದೇನೆ. ಅಲ್ಲಿಯ ಬೆಸ್ತರು ತಮ್ಮ ಗುಡಿಸಲುಗಳ ನಕ್ಷೆಯನ್ನು ತಾವೇ ಬರೆಯಲು ಒಪ್ಪಿದರೇ? ಮೊದಮೊದಲು ನಾಚಿಕೊಳ್ಳುತ್ತಾರೆ, ಆಮೇಲೆ ನಿನ್ನ ಕೈಯಿಂದಲೇ ಸೀಮೆಸುಣ್ಣ ಕಿತ್ತುಕೊಳ್ಳುತ್ತಾರೆ. ಇಲ್ಲಿಯೂ ಹಾಗೇ ಆಯಿತಲ್ಲ.

ಇಲ್ಲಿ ಎಲ್ಲವೂ ಚೆನ್ನಾಗಿದೆ. ಹಬ್ಬಕ್ಕೆಂದು ತಂದ ಕುರಿಗಳನ್ನು ಓಣಿಯಲ್ಲಿ ಕಟ್ಟಿದ್ದಾರೆ, ನಡೆಯಲು ಜಾಗವಿಲ್ಲ. ಓಣಿಯವರೆಲ್ಲರಿಗೂ ಎಂದು ನೀನು ನಕ್ಷೆ ಬರೆದು ಕಟ್ಟಿಸಿದ ಓಣಿಮನೆಗೆ ಬಣ್ಣ ಬಳಿದಾಯಿತು. ಕೆಳಗೆ ದವಾಖಾನೆಯ ಕೋಣೆ, ಮೇಲೆ ಪಾಠದ ಕೋಣೆ, ಅದರ ಮೇಲೆ ಬಟ್ಟೆ ಒಣಗಿಸುವ ಮಾಳಿಗೆ, ಎಲ್ಲ ನಾವು ಕೇಳಿದ ಹಾಗೆಯೇ ಬಂದಿದೆ. ಮೆಟ್ಟಿಲುಗಳನ್ನು ಇನ್ನೊಂದು ಗೇಣು ಅಗಲ ಮಾಡು ಎಂದು ಬುಸೈನಾ ನಿನ್ನ ಹತ್ತಿರ ಜಗಳವಾಡಿದ್ದು ನೆನಪಿದೆಯೇ? ಈಗ ಬೆಳಗ್ಗೆ ಹತ್ತಕ್ಕೆ ಆರು ಹೆಂಗಸರು ಆ ಮೆಟ್ಟಿಲುಗಳ ಮೇಲೆ ಕೂತು ಸೊಪ್ಪು ಬಿಡಿಸುತ್ತಾರೆ. ನಿನ್ನ ಕಾಲೇಜಿನಲ್ಲಿ ಇದನ್ನು ಕಲಿಸುವುದಿಲ್ಲ ಎಂದು ಆಕೆ ದಿನವೂ ಜಂಬ ಕೊಚ್ಚಿಕೊಳ್ಳುತ್ತಾಳೆ.

ಉದ್ಘಾಟನೆ ಹಬ್ಬ ಕಳೆದ ಮೇಲೆ ಎಂದು ನಿನಗೆ ತಂತಿ ಕೊಟ್ಟಿದ್ದೆ. ಅದಕ್ಕೂ ನೀನು ಬರುವುದು ಬೇಡವೆಂದು ನನಗೆ ತೋರುತ್ತದೆ. ಬಿಸಿಲು ವಿಪರೀತ. ರೈಲಿನಲ್ಲಿ ಹಬ್ಬದ ನೂಕುನುಗ್ಗಲು. ಹೊಸ ಸುಣ್ಣದ ಧೂಳು ನಿನ್ನ ಎದೆಗೆ ಆಗಿಬರುವುದಿಲ್ಲ.

ಇಷ್ಟು ಬರೆದು ಓದಿ ನೋಡಿದೆ. ಇಪ್ಪತ್ತು ವರ್ಷಗಳಿಂದ ಈ ಓಣಿಯ ಹೆಂಗಸರ ಪರವಾಗಿ ಇರಾಕಿನಲ್ಲಿ, ಕುವೈತಿನಲ್ಲಿ ದುಡಿಯುವ ಅವರ ಗಂಡಂದಿರಿಗೆ ಕಾಗದ ಬರೆದುಕೊಟ್ಟವಳು ನಾನು. ಮಗು ತೀರಿಕೊಂಡ ಮರುದಿನವೂ 'ಎಲ್ಲರೂ ಚೆನ್ನಾಗಿದ್ದೇವೆ' ಎಂದೇ ಬರೆಸಿದವರನ್ನು ಕಂಡಿದ್ದೇನೆ. ಏನನ್ನೋ ಮುಚ್ಚಿಡುವ ಕಾಗದದಲ್ಲಿ ಕಾರಣಗಳು ಒಂದರ ಹಿಂದೆ ಒಂದು ಸಾಲುಗಟ್ಟಿ ನಿಲ್ಲುತ್ತವೆ. ನನ್ನದೂ ಈಗ ಹಾಗೆಯೇ ಕಾಣುತ್ತಿದೆ. ಇದನ್ನು ಹರಿದು ಬೇರೆ ಬರೆಯಬಹುದಿತ್ತು. ಹರಿಯುವುದಿಲ್ಲ, ಇಲ್ಲಿಂದಲೇ ಸರಿಪಡಿಸುತ್ತೇನೆ.

ಜಾಗ ಆರಿಸಿದ ದಿನ ನೀನು ನೆಲದ ಮೇಲೆ ಇಡೀ ಓಣಿಯ ನಕ್ಷೆ ಹಾಸಿದ್ದೆ. ಎಲ್ಲಿ ಕಟ್ಟಬೇಕೋ ಅಲ್ಲಿ ಒಂದೊಂದು ಅವರೆಕಾಳು ಇಡಿ ಎಂದೆ. ಕಾಳೆಲ್ಲ ನಮ್ಮ ಓಣಿಯ ಬೆನ್ನಿಗೆ ಬೆಟ್ಟದಂತೆ ನಿಂತ ಬಂಡೆಯ ಬುಡದ ಬಯಲಿನಲ್ಲೇ ಗುಡ್ಡೆಯಾದವು. ಬೇರೆ ಬಯಲು ನಮಗೆಲ್ಲಿದೆ? ನೀನು ಮಾತ್ರ ಕಾಳುಗಳನ್ನು ನೋಡಲಿಲ್ಲ. ತಲೆಯೆತ್ತಿ ಬಂಡೆಯ ನೆತ್ತಿಯಿಂದ ಇಳಿದ ಬಿರುಕನ್ನು ನೋಡುತ್ತ ತುಂಬ ಹೊತ್ತು ನಿಂತೆ. ಮರುದಿನ ಆ ಬಿರುಕಿನ ಮೇಲೆ ಅಡ್ಡಡ್ಡಲಾಗಿ ಏಳು ಕಡೆ ಜಿಪ್ಸಮ್ಮಿನ ತೆಳು ಪಟ್ಟಿ ಹಚ್ಚಿಸಿ, ತಾರೀಖು ಬರೆಸಿದೆ. ಬಂಡೆ ಕೂದಲೆಳೆಯಷ್ಟು ಜರುಗಿದರೂ ಪಟ್ಟಿ ಒಡೆಯುತ್ತದೆ ಎಂದು ನನಗೆ ತಿಳಿಸಿ ಹೇಳಿದೆ.

"ಅಮ್ಮಾ, ಒಂದು ಒಡೆದ್ರೂ ಕಟ್ಟೋದಿಲ್ಲ. ಯಾರು ಏನೇ ಅಂದ್ರೂ ಕಟ್ಟೋದಿಲ್ಲ" ಅಂದೆ.

ಪ್ರತಿ ಶುಕ್ರವಾರ ಪಟ್ಟಿಗಳನ್ನು ನೋಡಿ ಬರೆಯುವ ಪುಸ್ತಕವನ್ನು ನನ್ನ ಕೈಗೆ ಕೊಟ್ಟು ನೀನು ಪೋರ್ಟ್ ಸಯೀದಿಗೆ ಹೊರಟೆ. ಬೇರೆ ಯಾರನ್ನೂ ನಂಬುವುದಿಲ್ಲ ಎಂದೆ.

ಆರನೆಯ ಶುಕ್ರವಾರ ಮೂರನೆಯ ಪಟ್ಟಿ ಒಡೆದಿತ್ತು, ಮಗಳೇ.

ಹುಬ್ಬಿನ ಕೂದಲಿನಷ್ಟು ಸಣ್ಣ ಗೆರೆ. ಬೆರಳಿನಿಂದ ಒರೆಸಿ ನೋಡಿದೆ, ಹೋಗಲಿಲ್ಲ. ಮನೆಗೆ ಬಂದು ಚಹಾದ ಲೋಟದಲ್ಲಿ ಜಿಪ್ಸಮ್ ಕಲಸಿದೆ. ಹಳೆಯದನ್ನು ಕೆರೆದು ಹೊಸದು ಹಚ್ಚಿದೆ. ನೀನು ಬರೆಸಿದ್ದ ಹಳೆಯ ತಾರೀಖನ್ನೇ ಅದರ ಮೇಲೆ ಗೀರಿದೆ. 'ಏಳೂ ಸರಿಯಿವೆ' ಎಂದು ನಿನಗೆ ಬರೆದೆ. ಆ ಮಾತು ನಂಬಿ ನೀನು ಅಡಿಪಾಯ ತೋಡಲು ಹೇಳಿದೆ.

ಯಾಕೆ ಎಂದು ಕೇಳುತ್ತೀಯ. ನಿನ್ನ ಚಿಕ್ಕಮ್ಮ ನಫೂಸಾ ನೆನಪಾಗುತ್ತಾಳೆ. ಭೂಕಂಪವಾದ ವರ್ಷ ಮೇಲಿನ ಸಾಲಿನ ನಲವತ್ತು ಮನೆಗಳು ಅಪಾಯದಲ್ಲಿವೆ ಎಂದು ಯಾರೋ ಎಂಜಿನಿಯರು ಸಹಿ ಹಾಕಿದ. ಮೂರೇ ದಿನದಲ್ಲಿ ಲಾರಿಗಳು ಬಂದವು. ಮರುಭೂಮಿಯ ಅಂಚಿನ ಕಟ್ಟಡದಲ್ಲಿ ಅವಳಿಗೆ ಐದನೆಯ ಮಹಡಿ ಸಿಕ್ಕಿತು. ಗೋಡೆ ನೆಟ್ಟಗಿತ್ತು, ನಲ್ಲಿಯಲ್ಲಿ ನೀರಿತ್ತು. ಆದರೆ ಅವಳು ಯಾವ ಹೊತ್ತಿಗೆ ಕಿಟಕಿ ತೆರೆಯುತ್ತಾಳೆ ಎಂದು ಬಲ್ಲ ಒಂದು ಜೀವವೂ ಆ ಕಟ್ಟಡದಲ್ಲಿ ಇರಲಿಲ್ಲ. ಸತ್ತು ಎರಡು ದಿನದ ಮೇಲೆ ಬಾಗಿಲು ಒಡೆದರು. ಇಲ್ಲಿಯಾಗಿದ್ದರೆ ಬೆಳಗಿನ ರೊಟ್ಟಿಗೆ ಬರಲಿಲ್ಲವೆಂದು ಅರ್ಧ ಗಂಟೆಯಲ್ಲಿ ಯಾರಾದರೂ ಹೋಗಿ ಬೈಯುತ್ತಿದ್ದರು.

ಪಟ್ಟಿ ಒಡೆದಿದೆ ಎಂದು ಬರೆದರೆ ನೀನು ಸಹಿ ಹಾಕುತ್ತೀಯ. ಆ ಸಹಿಯ ಹಿಂದೆ ಲಾರಿಗಳು ಬರುತ್ತವೆ. ಈ ಸಲ ನಲವತ್ತಲ್ಲ, ಮುನ್ನೂರು ಮನೆ. ಇದು ನಾನು ನನಗೇ ಹೇಳಿಕೊಂಡ ಕಾರಣ, ಸುಳ್ಳೇನಲ್ಲ. ಇನ್ನೊಂದು ಕಾರಣವೂ ಇತ್ತು, ಬರೆಯಲು ನಾಚಿಕೆ. ವಹೀಬಾಳ ಮಗಳು ಕಟ್ಟಿಸಿದ ಮನೆ ಎಂದು ದಾರಿಯಲ್ಲಿ ಹೋಗುವವರು ಹೇಳುವುದನ್ನು ನಾನು ಸಾಯುವುದರೊಳಗೆ ಕೇಳಬೇಕಾಗಿತ್ತು.

ಆಮೇಲೆ ಪ್ರತಿ ವಾರವೂ ಒಂದೆರಡು ಒಡೆಯುತ್ತಿದ್ದವು. ಬಂಡೆಯ ಮೇಲ್ತಲೆಯಲ್ಲಿ ಹೊಸ ಬಂಗಲೆಗಳು ಎದ್ದಿವೆ, ಹುಲ್ಲು ಬೆಳೆಸಲು ಹಗಲಿಡೀ ನೀರು ಬಿಡುತ್ತಾರೆ. ಆ ನೀರು ಕಲ್ಲಿನೊಳಗೆ ಇಳಿದು ನಮ್ಮ ತಲೆಯ ಮಟ್ಟದಲ್ಲಿ ಒದ್ದೆಯಾಗಿ ಕಾಣಿಸತೊಡಗಿತು. ಮೊದಲು ಹಸ್ತದಷ್ಟಿದ್ದ ಕಲೆ ಈಗ ಚಾಪೆಯಷ್ಟಿದೆ. ಮಾರ್ಚಿನಲ್ಲಿ ಕಲ್ಲುಕುಟಿಗ ಖಲಾಫನ ಪಾರಿವಾಳಗಳು ಬಂಡೆಯ ಪೊಟರೆಗಳಲ್ಲಿ ಕೂರುವುದನ್ನು ಬಿಟ್ಟವು. ಅವನು ಬಾವುಟ ಬೀಸಿ ಕರೆಯುತ್ತಿದ್ದ, ಅವು ಸುತ್ತು ಹಾಕಿ ಹಾಕಿ ದಣಿದು ಕೊನೆಗೆ ಮಸೀದಿಯ ಕಡೆಗೆ ಹೋಗಿಬಿಟ್ಟವು. ದವಾಖಾನೆಯ ಬಾಗಿಲು ಈಗ ಹೊಸ್ತಿಲಿಗೆ ಉಜ್ಜುತ್ತದೆ. ಹೋದ ವಾರ ಬಿರುಕಿನೊಳಗೆ ನನ್ನ ಕಿರುಬೆರಳು ಹೋಯಿತು, ಮೊನ್ನೆ ಹೆಬ್ಬೆರಳು.

ಮೊನ್ನೆ ಶುಕ್ರವಾರ ನಮಾಜು ಮುಗಿದ ಮೇಲೆ ಎಲ್ಲರನ್ನೂ ಮೆಟ್ಟಿಲುಗಳ ಹತ್ತಿರ ಸೇರಿಸಿದೆ. ಇಷ್ಟೂ ದಿನ ಪಟ್ಟಿಗಳನ್ನು ತೇಪೆ ಹಾಕುತ್ತಿದ್ದವಳು ನಾನೇ ಎಂದು ಒಪ್ಪಿಕೊಂಡೆ. ಉಗುಳುತ್ತಾರೆ, ಮಕ್ಕಳನ್ನು ಎತ್ತಿಕೊಂಡು ಓಡುತ್ತಾರೆ ಎಂದು ಎಣಿಸಿದ್ದೆ. ಯಾರೂ ಕದಲಲಿಲ್ಲ. ಖಲಾಫ್ ಟೋಪಿ ತೆಗೆದು ತಲೆ ಕೆರೆದುಕೊಂಡ.

"ಗೊತ್ತು ಬಿಡು, ಇನ್ಶಿರಾಹಳ ಅಮ್ಮಾ. ನೀನು ಜಿಪ್ಸಮ್ ತೀರಾ ನೀರಾಗಿ ಕಲಸ್ತೀಯ, ನಿಲ್ಲಲ್ಲ. ಎರಡು ಪಟ್ಟೀನ ನಾನೇ ಮತ್ತೆ ಹಚ್ಚಿದೀನಿ."

"ಕೆಳಗಿಂದು ನಂದು" ಎಂದಳು ಬುಸೈನಾ. "ನಿನ್ನ ಮಗಳ ಮುಂದೆ ನಿನ್ನ ಮಾನ ಹೋಗಬಾರದು ಅಂತ."

ಎಲ್ಲರೂ ನಕ್ಕರು. ಆರು ತಿಂಗಳಿಂದ ನಾನೊಬ್ಬಳೇ ಹೊತ್ತಿದ್ದೇನೆ ಎಂದುಕೊಂಡಿದ್ದ ಗುಟ್ಟು ಇಡೀ ಓಣಿಯದಾಗಿತ್ತು. ನಿಜವಾದ ಹೆದರಿಕೆ ನನಗೆ ಹತ್ತಿದ್ದು ಆ ನಗುವಿನಲ್ಲಿ. ಒಬ್ಬಳೇ ಸುಳ್ಳು ಹೇಳುತ್ತಿರುವಾಗ, ಹೇಗೂ ಬೇರೆ ಯಾರಾದರೂ ನೋಡಿ ಕೂಗಿಯಾರು ಎಂಬ ಒಂದು ಆಸೆ ಇರುತ್ತದೆ.

ಆಮೇಲೆ ನೀನು ಕಲಿಸಿಕೊಟ್ಟ ಹಾಗೆಯೇ ಸಭೆ ನಡೆಸಿದೆವು. ಎಲ್ಲರೂ ಮಾತಾಡಿದರು, ಹೆಂಗಸರು ಮೊದಲು. ಬಂಡೆಯ ಬುಡದ ಹದಿನಾಲ್ಕು ಮನೆಗಳನ್ನು ನಾವೇ ಖಾಲಿ ಮಾಡಿಸುವುದು, ಒಂದೊಂದು ಸಂಸಾರವನ್ನು ಒಂದೊಂದು ಮನೆಯವರು ಇಟ್ಟುಕೊಳ್ಳುವುದು ಎಂದಾಯಿತು. ಭಾನುವಾರ ಸಂಜೆಯೊಳಗೆ ಎಲ್ಲರೂ ಸಾಮಾನು ಹೊತ್ತು ಬಂದರು. ನನ್ನ ಕೋಣೆಯಲ್ಲಿ ಈಗ ಐದು ಜನ. ಯಾರೂ ಸರಕಾರದವರಿಗೆ ಹೇಳುವುದಿಲ್ಲ. ಓಣಿಮನೆಯಲ್ಲಿ ಪಾಠವನ್ನೂ ದವಾಖಾನೆಯನ್ನೂ ಶುರು ಮಾಡುವುದಿಲ್ಲ, ಮೇಷ್ಟ್ರು ಸಿಗಲಿಲ್ಲ, ಡಾಕ್ಟರು ಸಿಗಲಿಲ್ಲ ಎಂದು ಮುಂದೂಡುತ್ತ ಹೋಗುವುದು.

ಉಳಿದದ್ದು ಉದ್ಘಾಟನೆ. ಬೇಡವೆನ್ನುವ ಹಾಗಿಲ್ಲ. ಅಧಿಕಾರಿಗಳು, ಪತ್ರಿಕೆಯವರು ಬರುತ್ತಾರೆ. ಯಾಕೆ ಬೇಡ ಎಂದು ಕೇಳಿ ತಲೆಯೆತ್ತಿದರೆ ಬಿರುಕು ಕಾಣುತ್ತದೆ.

"ಒಂದು ಗಂಟೆ ತಾನೆ? ಸಾವಿರಾರು ವರ್ಷ ನಿಂತಿರೋ ಬಂಡೆ, ಒಂದು ಗಂಟೆ ನಮ್ಮ ಮರ್ಯಾದೆ ಕಾಯಲ್ವಾ?" ಎಂದ ಖಲಾಫ್.

ಕುರ್ಚಿಗಳಲ್ಲಿ ನಾವು ವಯಸ್ಸಾದವರಷ್ಟೇ ಕೂರುವುದೆಂದು ನಿಶ್ಚಯವಾಗಿದೆ. ಅರವತ್ತು ದಾಟಿದವರು ಮೂವತ್ತೆಂಟು ಜನ ಇದ್ದೇವೆ. ಮಕ್ಕಳನ್ನೆಲ್ಲ ಬೆಳಗ್ಗೆಯೇ ಗೀಜಾದ ಮೃಗಾಲಯ ತೋರಿಸಲು ಕರೆದುಕೊಂಡು ಹೋಗುತ್ತಾರೆ. ಪ್ರಾಯದವರು ಕೆಲಸಕ್ಕೆ. ಕೂರುವ ಸರದಿ ಯಾರದೆಂಬ ಚರ್ಚೆಯೇ ಆಗಲಿಲ್ಲ. ಮುದುಕರು ಒಬ್ಬೊಬ್ಬರಾಗಿ ತಮ್ಮ ಹೆಸರು ಬರೆಸಿಕೊಂಡು ಹೋದರು. ಮದುವೆಗೆ ಹೋಗುವವರ ಹಾಗೆ.

ಇನ್ನು ನಿಜ ಹೇಳುತ್ತೇನೆ. ತಂತಿಯಲ್ಲಿ ಕೊಟ್ಟ ತಾರೀಖು ಸುಳ್ಳು. ಉದ್ಘಾಟನೆ ಹಬ್ಬ ಕಳೆದ ಮೇಲಲ್ಲ, ನಾಡಿದ್ದು ಗುರುವಾರ. ನೀನು ಬಂದರೆ ಕುರ್ಚಿಯಲ್ಲಿ ಕೂರುವವಳಲ್ಲ. ಬಂಡೆಯ ಕೆಳಗೆ ನಿಂತು ಎಲ್ಲರ ಮುಂದೆ ನಿಜ ಹೇಳುವವಳು. ಹಾಗೆ ಬೆಳೆಸಿದವಳು ನಾನೇ, ಆದ್ದರಿಂದಲೇ ನಿನ್ನನ್ನು ದೂರ ಇಟ್ಟೆ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಆ ಒಂದು ಗಂಟೆ ಕಳೆದಿರುತ್ತದೆ. ಬಯ್ಯುವುದಿದ್ದರೆ ಆಗ ಬಯ್ಯಿ. ನಿನ್ನ ಮನೆ ಒಂದು ದಿನವಾದರೂ ಬಾಗಿಲು ತೆರೆದು ನಿಲ್ಲಲಿ.

ನಿನ್ನ ಬಾಳು ಹಸನಾಗಿರಲಿ. ಊಟ ಬಿಡಬೇಡ.

ನಿನ್ನ ಅಮ್ಮ,
ವಹೀಬಾ

ಮರೆತ ಮಾತು: ಗುರುವಾರ ಮಧ್ಯಾಹ್ನ ಬರೆಯುತ್ತಿದ್ದೇನೆ. ಮಂಗಳವಾರ ಬರೆದದ್ದನ್ನು ಅಂಚೆಗೆ ಹಾಕಲು ಕೈ ಬರಲಿಲ್ಲ. ಈಗ ಖಲಾಫನೇ ಸಂಜೆಯ ರೈಲಿಗೆ ಹೊರಟಿದ್ದಾನೆ, ನಿನ್ನ ಕೈಗೇ ಕೊಡುತ್ತಾನೆ.

ಉದ್ಘಾಟನೆ ಮುಗಿಯಿತು. ಯಾರಿಗೂ ಏನೂ ಆಗಲಿಲ್ಲ. ಮುಖ್ಯ ಅತಿಥಿಯಾಗಿ ಬರಬೇಕಿದ್ದ ಸರಕಾರದ ದೊಡ್ಡ ಅಧಿಕಾರಿ ತಡವಾಗಿ ಬಂದರು. ಬಿಸಿಲೆಂದು ಮೊದಲ ಸಾಲನ್ನು ನೆರಳಿಗೆ ಜರುಗಿಸಿದರು, ಅಂದರೆ ಸರಿಯಾಗಿ ಬಿರುಕಿನ ಕೆಳಕ್ಕೆ. ಅವರ ಭಾಷಣದ ನಡುವೆ ಮೇಲಿನಿಂದ ಕಲ್ಲಿನ ಹರಳುಗಳು ಎರಡು ಸಲ ಸುರಿದವು. ಅವರ ಭುಜದ ಮೇಲೂ ಬಿದ್ದವು. ಖಲಾಫ್ ಕೈಯಿಂದ ಒರೆಸಿ, ಪಾರಿವಾಳಗಳು ಸ್ವಾಮಿ, ಹೀಗೇ ಕೆದಕುತ್ತಿರುತ್ತವೆ ಎಂದ. ಅವರು ನಕ್ಕರು. ನಾವು ಮೂವತ್ತೆಂಟು ಜನವೂ ನಕ್ಕೆವು.

ಅವರಿಗೆ ಮನೆ ಬಹಳ ಹಿಡಿಸಿತು, ಇನ್ಶಿರಾಹ್. ಕಿಟಕಿಗಳು ಮಕ್ಕಳ ಎತ್ತರಕ್ಕಿವೆ ಎಂದು ಹೊಗಳಿದರು. ಪಕ್ಕದ ಬಡಾವಣೆಯ ಪ್ರಾಥಮಿಕ ಶಾಲೆ ಭೂಕಂಪದಿಂದೀಚೆಗೆ ಡೇರೆಯಲ್ಲಿ ನಡೆಯುತ್ತಿದೆಯಂತೆ. ಶನಿವಾರದಿಂದ ಆ ನೂರ ಎಂಬತ್ತು ಮಕ್ಕಳನ್ನು ಇಲ್ಲಿಗೆ ಕಳಿಸುತ್ತೇನೆ ಎಂದು ಅಲ್ಲೇ ಘೋಷಿಸಿದರು. ಬೀಗದ ಕೈಯನ್ನು ನಾವೇ ಮಖಮಲ್ಲಿನ ದಿಂಬಿನ ಮೇಲಿಟ್ಟು ಕೊಟ್ಟಿದ್ದೆವು, ಅದನ್ನು ಜೇಬಿಗೆ ಹಾಕಿಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಎದ್ದು ನಿಂತು ಹೇಳಬೇಕಿತ್ತು, ಕೈಗಳು ತಟ್ಟುತ್ತಲೇ ಇದ್ದವು.

ಅವರ ಕಾರು ಹೋದ ಮೇಲೆ ಬುಸೈನಾ ನನ್ನ ತೋಳು ಹಿಡಿದುಕೊಂಡಳು. "ನಮ್ಮ ಮಕ್ಕಳನ್ನ ಮೃಗಾಲಯಕ್ಕೆ ಕಳಿಸಿದ್ವಿ. ಈ ಮಕ್ಕಳನ್ನ ಎಲ್ಲಿಗೆ ಕಳಿಸೋದು?" ಎಂದಳು.

ಯಾವ ಪಟ್ಟಿ ಯಾವ ಶುಕ್ರವಾರ ಒಡೆಯಿತು ಎಂಬುದನ್ನು ಬೇರೆ ಹಾಳೆಗಳಲ್ಲಿ ಬರೆದಿಟ್ಟಿದ್ದೆ, ಯಾಕೋ ಗೊತ್ತಿಲ್ಲ. ಅವು ಈ ಲಕೋಟೆಯಲ್ಲಿವೆ. ಒಂದೂ ಸುಳ್ಳಿಲ್ಲ. ನಾಳೆ ಕಚೇರಿಗಳಿಗೆ ರಜೆ, ಆದರೂ ನೀನು ಯಾರ ಮನೆಯ ಬಾಗಿಲು ಬಡಿಯಬೇಕೋ ಬಡಿ. ನನ್ನ ಮಾತನ್ನು ಅವರು ಕೇಳುವುದಿಲ್ಲ, ನಿನ್ನ ಸಹಿಯನ್ನು ಓದುತ್ತಾರೆ. ಲಾರಿಗಳು ಬಂದರೆ ಬರಲಿ. ಮುನ್ನೂರು ಮನೆಗಳಲ್ಲಿ ಯಾರ ಪಕ್ಕದಲ್ಲಿ ಯಾರು ಇರಬೇಕು, ಯಾವ ಮುದುಕಿಯ ಕಿಟಕಿಯನ್ನು ಯಾರು ನೋಡಿಕೊಳ್ಳಬೇಕು ಎಂದು ಬುಸೈನಾಳೂ ನಾನೂ ಕೂತು ಬರೆಯುತ್ತಿದ್ದೇವೆ. ಐದನೆಯ ಮಹಡಿಗೆ ಹೋಗುವುದಾದರೆ ಓಣಿಯೇ ಹೋಗಲಿ.

ಶನಿವಾರ ಶಾಲೆಯ ಮೊದಲ ಗಂಟೆ ಬೆಳಗ್ಗೆ ಏಳೂವರೆಗೆ. ಅದಕ್ಕೆ ಮೊದಲು ಬಾ.