ಗುರುಬಾಯಿ ಬಿಚ್ಚಿದ ನೂಲು

ಗಲಗಲಿ
೯ ಜನವರಿ ೨೦೨೬, ಶುಕ್ರವಾರ

ಮುದ್ದಿನ ಮೊಮ್ಮಗಳು ಕಾಂಚನಾಗೆ ನಿನ್ನ ಆಯಿ ಮುತ್ತವ್ವನ ಆಶೀರ್ವಾದಗಳು.

ಹೇಗಿದ್ದೀ ಕೂಸೆ? ಧಾರವಾಡದಲ್ಲಿ ಚಳಿ ಜಾಸ್ತಿಯಂತೆ, ಕಿವಿಗೆ ಬಟ್ಟೆ ಕಟ್ಟಿಕೊಂಡು ಹೋಗು. ಸಿಟ್ಟಿನಲ್ಲಿ ಊಟ ಬಿಡುವ ಚಟ ನಿನಗೆ ಮೊದಲಿನಿಂದಲೂ ಇದೆ, ಅದಕ್ಕೇ ಕೇಳುತ್ತಿದ್ದೇನೆ. ನನ್ನ ಮೊಣಕಾಲು ಮಾತು ಕೇಳುತ್ತಿಲ್ಲ, ಬಾಯಿ ಮಾತ್ರ ಗಟ್ಟಿಯಾಗಿದೆ. ನೀನು ಫೋನು ಬಂದ್ ಮಾಡಿ ಕೂತಿರುವುದರಿಂದ ಕಾಗದ ಬರೆಯಬೇಕಾಯಿತು. ಆದದ್ದು ಒಳ್ಳೆಯದೇ, ಫೋನಿನಲ್ಲಾದರೆ ನಿನ್ನ ಅಪ್ಪ ಪಕ್ಕದಲ್ಲೇ ಕಿವಿ ಕೊಟ್ಟು ನಿಲ್ಲುತ್ತಾನೆ.

ಎಳ್ಳಮವಾಸಿಯ ದಿನ ಏನಾಯಿತೆಂದು ನಿನಗೆ ಯಾರೂ ಸರಿಯಾಗಿ ಹೇಳಿಲ್ಲ. ಭೂಮಿತಾಯಿಗೆ ಎಡೆ ಹಿಡಿದು ಚರಗ ಚೆಲ್ಲಲು ನನ್ನ ತಂಗಿ ಗುರುಬಾಯಿಯೂ ಬನಹಟ್ಟಿಯಿಂದ ಬಂದಿದ್ದಳು. ಎಲ್ಲರೂ ಹೊಲದಲ್ಲಿ ಕೂತು ಕಡುಬು, ಭಜ್ಜಿ ಉಂಡು ಬೇವಿನ ನೆರಳಲ್ಲಿ ಅಡ್ಡಾದೆವು. ಆಕೆ ಮಾತ್ರ ನಿನ್ನ ಸಾಸಿವೆ ಸಾಲು ನೋಡಲು ಹೋದಳು. ಗಿಡಗಿಡಕ್ಕೂ ನೀಲಿ ನೂಲು, ನೂಲಿಗೊಂದು ನಂಬರಿನ ಚೀಟಿ. ಆ ನೂಲು ಆಕೆಯ ಮನೆಯದೇ, ನೀನೇ ಬೇಡಿ ತಂದದ್ದು. ಮದುವೆಯಾದಾಗಿನಿಂದ ಮಗ್ಗದ ಮನೆಯಲ್ಲಿ ಬಾಳಿದವಳು, ನೂಲಿನ ತುಂಡು ನೆಲದ ಮೇಲೆ ಬಿದ್ದರೂ ಎತ್ತಿ ಸುತ್ತಿಡುವವಳು. 'ಅಯ್ಯ, ಇಂಥಾ ಛಲೋ ನೂಲು ಗಿಡದ ಕುತ್ತಿಗಿಗೆ ಬಿಗದಾಳಲ್ಲ ಈ ಹುಡುಗಿ' ಎಂದು ಮರುಗಿ ಒಂದೊಂದಾಗಿ ಬಿಚ್ಚಿ, ಗಂಟು ಹಾಕಿ, ಉಂಡೆ ಮಾಡಿ ಚೀಲಕ್ಕೆ ಇಳಿಸಿದಳು. ಚೀಟಿಗಳೆಲ್ಲ ಗಾಳಿಗೆ ಹೋದವು. ನಾವು ಏಳುವಷ್ಟರಲ್ಲಿ ಕೆಲಸ ಮುಗಿದಿತ್ತು. ಆಕೆಯ ಮೇಲೆ ಸಿಟ್ಟಾಗಬೇಡ. ಸಂಗತಿ ತಿಳಿದ ಮೇಲೆ ಅತ್ತೂ ಅತ್ತೂ ಕಣ್ಣು ಬಾತುಕೊಂಡಿದ್ದವು.

ನಂಬರು ಹಾಕಿ ನಿಮ್ಮ ಕೃಷಿ ಕಾಲೇಜಿಗೆ ಒಯ್ದ ಎಲೆಗಳ ಪರೀಕ್ಷೆಯ ಉತ್ತರ ಬಂದರೂ ಯಾವ ಉತ್ತರ ಯಾವ ಗಿಡದ್ದೆಂದು ಇನ್ನು ಗೊತ್ತಾಗದು, ವರ್ಷವೇ ಹಾಳಾಯಿತು ಎಂದು ನೀನು ಫೋನಿನಲ್ಲಿ ಅತ್ತದ್ದು ನನಗೂ ಕೇಳಿಸಿತು. 'ಅಪ್ಪಾ, ನಿಮಗ ತಿಳಿದ್ಹಂಗ ಮಾಡ್ರಿ, ನಂದು ಮುಗೀತು' ಎಂದೆ. ಆ ಮಾತು ನಿನ್ನ ಬಾಯಲ್ಲಿ ಬಂದದ್ದು ನನಗೆ ಒಂದಿಷ್ಟೂ ಸೇರಲಿಲ್ಲ. ನಿನ್ನ ಅಪ್ಪ ಅದನ್ನೇ ಹಿಡಿದುಕೊಂಡ. ಔಷಧ ಹೊಡೆದು ಸಿಕ್ಕಷ್ಟು ಕಾಳು ಮಾರಿಬಿಡುವುದು, ಓದು ಬಿಡಿಸುವುದು, ಮುಧೋಳದ ಕಡೆಯ ವರನಿಗೆ ಹೂಂ ಅನ್ನುವುದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಗೊತ್ತು ಮಾಡಿದ.

ಹೋದ ವರ್ಷ ಕಟ್ಟೆಯ ಮೇಲೆ ಕೂತು ನೀನು ಹೇಳಿದ್ದನ್ನು ನಾನು ಮರೆತಿಲ್ಲ. ಜೋಳದ ನಡುವೆ ನಾನು ಹಾಕುತ್ತ ಬಂದ ಸಾಸಿವೆಗೆ ಬಿಳಿ ತುಕ್ಕು ರೋಗ ಹತ್ತುವುದಿಲ್ಲ, ಆದರೆ ಕಾಳು ಸಣ್ಣ. ನಿನ್ನ ಹೊಸ ತಳಿಯ ಕಾಳು ದಪ್ಪ, ಆದರೆ ಆ ಬೂಷ್ಟು ಬಂದರೆ ಮೊದಲು ಮಲಗುವುದೇ ಅದು. ಎರಡನ್ನೂ ನೀನು ಕೂಡಿಸಿದೆ, ಹುಟ್ಟಿದ್ದನ್ನು ಮತ್ತೆ ಹೊಸ ತಳಿಗೇ ಕೂಡಿಸಿದೆ. ಹಾಗೆ ಹುಟ್ಟಿದ ಗಿಡದ ಮಕ್ಕಳಲ್ಲಿ ಅರ್ಧಕ್ಕೆ ನನ್ನ ಸಾಸಿವೆಯ ರೋಗ ತಡೆಯುವ ವಂಶವಾಹಿ ಇರುತ್ತದೆ, ಅರ್ಧಕ್ಕೆ ಇರುವುದಿಲ್ಲ, ನೋಡಲು ಎಲ್ಲ ಒಂದೇ ಎಂದೆ. ನನ್ನ ಹಠ ನಿನ್ನ ಅಪ್ಪನಿಗೆ ಇಳಿದು ಅವನಿಂದ ನಿನಗೆ ಬಂದ ಹಾಗೇನೇ ಎಂದು ನಾನು ಕೇಳಿದ್ದಕ್ಕೆ ಎಷ್ಟು ನಕ್ಕಿದ್ದೆ. ಆಮೇಲೆ ಇನ್ನೊಂದು ಮಾತು ಹೇಳಿದ್ದೆ: 'ರೋಗ ಬರಲಿ ಆಯಿ, ಬಂದ್ರನ ಯಾವುದು ಗಟ್ಟಿ ಅಂತ ಗೊತ್ತಾಗೂದು. ಯಾರೂ ಔಷಧ ಹೊಡೀಬಾರ್ದು.' ಪರೀಕ್ಷೆ ಹಾಳಾದ ದುಃಖದಲ್ಲಿ ನಿನಗೇ ನಿನ್ನ ಮಾತು ಮರೆತಿದೆ. ನಾನು ಅದನ್ನು ಹಿಡಿದು ಕೂತಿದ್ದೇನೆ.

ಸೋಮವಾರ ನಿನ್ನ ಅಪ್ಪ ಗಿರಿಮಲ್ಲಪ್ಪ ಬೆನ್ನಿಗೆ ಪಂಪು ಏರಿಸಿಕೊಂಡು ಬಂದ. ನಾನು ಸಾಲಿನ ನಡುವೆ ಕೂತೆ. 'ಏಳ ಬೇ ಯವ್ವಾ, ಬಾಜೂ ಹೊಲಕ್ಕ ರೋಗ ಬಂದೈತಿ, ಕಡ್ಲಿಗೂ ಹತ್ತತೈತಿ' ಎಂದ. ಕಡಲೆಗೆ ಈ ರೋಗ ಹತ್ತುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತು, ನನ್ನನ್ನು ಹೆದರಿಸಲು ಹೇಳಿದ. 'ಮೊದಲ ನನಗ ಹೊಡಿ, ಆಮ್ಯಾಲ ಗಿಡಕ್ಕ' ಎಂದೆ. ಗೊಣಗುತ್ತ ಹೋದ. ಅಂದಿನಿಂದ ನನ್ನ ಬುತ್ತಿ ಹೊಲಕ್ಕೇ ಬರುತ್ತಿದೆ. ತರುವವಳು ನಿನ್ನ ಅವ್ವ ವೈಶಾಲಿ. ಗಂಡನಿಗೆ ಎದುರಾಡುವುದಿಲ್ಲ, ಆದರೆ ನನ್ನ ಬುತ್ತಿಯಲ್ಲಿ ದಿನವೂ ಬೆಣ್ಣೆ ಇಡುತ್ತಾಳೆ.

ಸಂಕ್ರಮಣದ ಕುಸುರೆಳ್ಳು ಈ ಪಾಕೀಟಿನಲ್ಲೇ ಇದೆ, ಜಗಳ ಬಿಟ್ಟು ತಿನ್ನು. ನಿನ್ನ ಮೇಡಂಗೂ ಒಂದಿಷ್ಟು ಕೊಡು. ದೇವರು ನಿನಗೆ ಆಯುಷ್ಯ ಕೊಡಲಿ, ಹಠವನ್ನು ನಾನು ಆಗಲೇ ಕೊಟ್ಟಿದ್ದೇನೆ.

ನಿನ್ನ ಆಯಿ
ಮುತ್ತವ್ವ

ತಾ.ಕ.: ಪಾಕೀಟು ಅಂಟಿಸಿಯಾಗಿತ್ತು, ಬಿಚ್ಚಿ ಬರೆಯುತ್ತಿದ್ದೇನೆ. ವಾರದಿಂದ ಹೊಳೆ ಕಡೆಯ ಮಂಜು ಬಿದ್ದು ಇವತ್ತು ಮುಂಜಾನೆ ನಿನ್ನ ಸಾಲಿಗೆ ಬಿಳಿ ತುಕ್ಕು ಬಂತು. ಒಂದು ಗಿಡದ ಎಲೆ ತಿರುಗಿಸಿದರೆ ಸುಣ್ಣ ಸಿಡಿದ ಹಾಗಿದೆ. ಅದರ ಮಗ್ಗುಲಲ್ಲೇ, ಎಲೆಗೆ ಎಲೆ ತಾಗಿಸಿಕೊಂಡು ನಿಂತ ಗಿಡಕ್ಕೆ ಒಂದು ಚುಕ್ಕೆಯೂ ಇಲ್ಲ. ಅಂಥವು ಸಾಲಿನ ತುಂಬ ಇವೆ. ನಿನ್ನ ಅಪ್ಪನ ಪಂಪಿನ ಮೂತಿ ನನ್ನ ಎಲೆಯಡಿಕೆ ಚೀಲದಲ್ಲಿದೆ, ಅವನು ಮನೆಯೆಲ್ಲ ಹುಡುಕುತ್ತಿದ್ದಾನೆ. ಗುರುಬಾಯಿ ನೂಲಿನ ಉಂಡೆ ವಾಪಸು ಕಳಿಸಿದ್ದಾಳೆ. ನಾನು ಕಟ್ಟುವುದಿಲ್ಲ, ಚುಕ್ಕೆ ಇಲ್ಲದ ಗಿಡಗಳಿಗೆ ನೀನೇ ಬಂದು ಕಟ್ಟು.