ಹಗೇವಿನ ಮೇಲೆ ಕುಡಿದ ಚಹಾ

ನರಗುಂದ
೧೮ನೆಯ ಮೇ ೨೦೦೪

ಪ್ರೀತಿಯ ತಮ್ಮ ಖಾದರನಿಗೆ,

ನಿನ್ನ ಅಣ್ಣ ಗೌಸುಸಾಬನು ಮನಸಾರೆ ಮಾಡುವ ಹಾರೈಕೆಗಳು. ಎಲ್ಲಕ್ಕಿಂತ ಮೊದಲು ನಿನ್ನ ಮೊಣಕಾಲಿನ ವಿಷಯವನ್ನು ತಿಳಿಸು. ಅಲ್ಲಿ ಸೊಲ್ಲಾಪುರದ ವೈದ್ಯರು ಕೊಟ್ಟ ಎಣ್ಣೆಯಿಂದ ನೋವು ಇಳಿಯಿತೆ? ಅಂಗಡಿಯ ಚಾದರದ ಗಂಟುಗಳನ್ನು ಹೊತ್ತು ನೀನೇ ಮೆಟ್ಟಿಲು ಏರಬೇಡವೆಂದು ಎಷ್ಟು ಸಲ ಬರೆದರೂ ನಿನ್ನದು ಅದೇ ಹಟ. ನಿನ್ನ ಮನೆಯಾಕೆ ಮೆಹನಾಜಳ ಕೆಮ್ಮು ಹೇಗಿದೆ? ಇಲ್ಲಿ ನಾನೂ ನಿನ್ನ ಅತ್ತಿಗೆ ಸುಗರಾಳೂ ದೇವರ ದಯೆಯಿಂದ ಕ್ಷೇಮ. ನಿನ್ನ ಹಿಂದಿನ ಪತ್ರ ತಲುಪಿತು. ಅದರಲ್ಲಿ ಪೂರ್ಣವಿರಾಮ ಒಂದೇ ಒಂದಿತ್ತು, ಅದೂ ವಿಳಾಸದ ಕೊನೆಗೆ. ಮೂವತ್ತನಾಲ್ಕು ವರ್ಷ ಊರಿನ ಮಕ್ಕಳಿಗೆಲ್ಲ ಕನ್ನಡ ಕಲಿಸಿದವನ ತಮ್ಮ ಹೀಗೆ ಬರೆಯಬಾರದು. ಇರಲಿ, ಇಂದು ನಿನ್ನನ್ನು ತಿದ್ದುವ ಮನಃಸ್ಥಿತಿಯಲ್ಲಿ ನಾನಿಲ್ಲ. ಬರೆಯಬೇಕಾದ ವಿಷಯವೇ ಎಷ್ಟು ಅಸಹ್ಯವಾದದ್ದೆಂದರೆ, ಎರಡು ದಿನ ಲೇಖನಿಯನ್ನು ಮುಟ್ಟಲು ಕೈ ಹಿಂಜರಿಯಿತು.

ಪೇಟೆಯ ನಮ್ಮಿಬ್ಬರ ಮಳಿಗೆಯ ಸಂಗತಿ. ನಿನ್ನ ಬಾಲ್ಯದ ಗೆಳೆಯ ಸಲಾವುದ್ದೀನನಿಗೆ ಅದನ್ನು ಬಾಡಿಗೆಗೆ ಕೊಟ್ಟು ಎರಡು ವರ್ಷವಾಯಿತು. ಅಲ್ಲಿ ಅವನು ಚಹಾ, ಮಿರ್ಚಿ ಭಜಿ, ಗಿರಮಿಟ್ಟು ಮಾರುತ್ತಿದ್ದುದು ನಿನಗೆ ಗೊತ್ತೇ ಇದೆ. ಊರಿನವರು ಅದನ್ನು ಹೋಟೆಲು ಎನ್ನುತ್ತಾರೆ. ನಾನು ಯಾವಾಗಲೂ ಉಪಾಹಾರಗೃಹವೆಂದೇ ಹೇಳುತ್ತಿದ್ದೆ. ಈಗ ಅಂಥ ಸ್ವಚ್ಛವಾದ ಪದವನ್ನು ಆ ಸ್ಥಳಕ್ಕೆ ಬಳಸಲು ಮನಸ್ಸಾಗುವುದಿಲ್ಲ. ಅವನ ಅಂಗಡಿಯ ಮುಂದೆ ಒಂದು ಹನಿ ಕೊಳಚೆ ನೀರು ಕಂಡವರಿಲ್ಲ. ಉಳಿದ ಚಹಾದಂಗಡಿಗಳ ಮುಂದೆ ಧೋತರ ಎತ್ತಿಕೊಂಡು ದಾಟಬೇಕು, ಇವನ ಮುಂದೆ ಮಾತ್ರ ನೆಲ ಒಣಗಿ ಬೆಳ್ಳಗೆ. ಮುಂಜಾನೆ ತಿರುಗಾಡಲು ಬರುವ ನಿವೃತ್ತ ಶಿಕ್ಷಕರಿಗೆಲ್ಲ ನಾನೇ ಅವನನ್ನು ತೋರಿಸಿ, ನೈರ್ಮಲ್ಯವೆಂದರೆ ಇದು, ನೋಡಿ ಕಲಿಯಿರಿ ಎಂದು ಹೊಗಳುತ್ತಿದ್ದೆ. ದಿನವೂ ಅಲ್ಲಿಯೇ ಚಹಾ ಕುಡಿಯುತ್ತಿದ್ದೆ.

ಮಳಿಗೆಯ ಹಿಂಗೋಡೆಗೆ ಅಂಟಿಕೊಂಡಿರುವುದು ಫಕೀರವ್ವನ ಮನೆ. ಗಂಡನಿಲ್ಲ, ಮಕ್ಕಳಿಲ್ಲ, ಮನೆಮನೆಗೆ ರೊಟ್ಟಿ ಬಡಿದುಕೊಟ್ಟು ಬದುಕುವ ಮುದುಕಿ. ದೀಪಾವಳಿ ಮುಗಿದಂದಿನಿಂದಲೂ ಅವಳು ನನಗೆ ಒಂದೇ ದೂರು ಹೇಳುತ್ತಿದ್ದಳು. "ಮಾಸ್ತರ್ರ, ನನ್ನ ಗ್ವಾಡಿ ಬೆವರಾಕತ್ತೈತ್ರಿ. ಬ್ಯಾಸಗ್ಯಾಗ ಮನಷ್ಯಾ ಬೆವರ್ತಾನು, ಚಳಿಗಾಲದಾಗ ಗ್ವಾಡಿ ಯಾಕ ಬೆವರಬೇಕ್ರಿ?" ನೆಲದ ತೇವವಿರಬೇಕೆಂದು ನಾನು ಸಮಾಧಾನ ಹೇಳಿ ಕಳುಹಿಸುತ್ತಿದ್ದೆ. ಕಳೆದ ತಿಂಗಳು ಅವಳು ರೊಟ್ಟಿ ಬಡಿಯುತ್ತಿದ್ದಾಗ ಗೋಡೆಯ ಗಿಲಾವು ಕಳಚಿ ಹಿಟ್ಟಿನ ಪರಾತದೊಳಗೇ ಬಿದ್ದಿತು. ಅವಳು ಆ ಪರಾತವನ್ನು ಹಾಗೆಯೇ ಎತ್ತಿಕೊಂಡು ಬಂದು ನನ್ನ ಮೂಗಿಗೆ ಹಿಡಿದು, "ಹಂಗ ನೋಡಬ್ಯಾಡ್ರಿ, ಮೂಸ್ರಿ" ಎಂದಳು. ಮೂಸಿದೆ. ಅದು ಮಣ್ಣಿನ ವಾಸನೆಯಲ್ಲ, ಖಾದರ. ಕಮಟು ಹಿಡಿದ ಕರಿದೆಣ್ಣೆ, ಕೊಳೆತ ಉಳ್ಳಾಗಡ್ಡಿ, ಹಳಸಿದ ಹಾಲು, ಇವೆಲ್ಲ ಕೂಡಿದ ವಾಸನೆ.

ಆ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮಳಿಗೆಗೆ ಹೋದೆ. ಸಲಾವುದ್ದೀನನಿಗೆ ನಾನು ಬಂದದ್ದು ತಿಳಿಯಲಿಲ್ಲ. ಅವನು ಮುಸುರೆಯ ಬುಟ್ಟಿಯನ್ನು ಪಕ್ಕಕ್ಕಿಟ್ಟು, ನಾನು ದಿನವೂ ಕೂಡುತ್ತಿದ್ದ ಮೇಜನ್ನು ಸರಿಸಿ, ಕೆಳಗಿನ ಚಪ್ಪಡಿಯೊಂದನ್ನು ಕಬ್ಬಿಣದ ಕೊಕ್ಕೆಯಿಂದ ಎತ್ತಿದನು. ಬುಟ್ಟಿಯನ್ನು ಬೋರಲು ಮಾಡಿದನು. ಒಂದು ಕ್ಷಣ ಯಾವ ಸದ್ದೂ ಇಲ್ಲ. ಬಳಿಕ ಎಲ್ಲಿಯೋ ಆಳದಿಂದ ಗುಳುಗುಳು ಎಂದಿತು. ಅದು ನಮ್ಮ ಹಗೇವು! ಅಜ್ಜ ಅಲ್ಲಿ ಜೋಳದ ವ್ಯಾಪಾರ ಮಾಡುತ್ತಿದ್ದಾಗ ಕಾಳು ತುಂಬಿಡಲು ತೋಡಿಸಿದ್ದ, ಬಾಯಿ ಕಿರಿದಾದ, ಒಡಲು ಹಿರಿದಾದ, ಎರಡಾಳು ಆಳದ ನೆಲಗಣಜ. ಬರಗಾಲದಲ್ಲಿ ಚಿಕ್ಕನರಗುಂದದಿಂದಲೂ ಜನ ಬಂದು ಅದರ ಜೋಳವನ್ನು ಕಡ ಒಯ್ದು ಮಕ್ಕಳನ್ನು ಉಳಿಸಿಕೊಂಡರೆಂದು ಅಪ್ಪ ಹೇಳುತ್ತಿದ್ದರಲ್ಲವೆ? ಅಪ್ಪ ಅದರ ಬಾಯಿಗೆ ಚಪ್ಪಡಿ ಹಾಸಿಸಿ ಮಳಿಗೆ ಮಾಡಿದ ಮೇಲೆ ನಾನಂತೂ ಅದನ್ನು ಮರೆತೇಬಿಟ್ಟಿದ್ದೆ. ಅನ್ನವಿದ್ದ ಬಾಯಿಗೆ ಈ ಮನುಷ್ಯ ಎರಡು ವರ್ಷ ಎಂಜಲು, ಮುಸುರೆ, ಕರಿದ ಎಣ್ಣೆಯ ಗಸಿ, ಗಿರಾಕಿಗಳು ಬಾಯಿ ಮುಕ್ಕಳಿಸಿ ಉಗಿದ ನೀರು ಎಲ್ಲವನ್ನೂ ಸುರಿದಿದ್ದಾನೆ. ಅವನ ಮುಂಬಾಗಿಲು ಬೆಳ್ಳಗಿದ್ದುದರ ಮರ್ಮ ಇದು. ಆ ಕೊಳೆಯ ಮೇಲೆ ಕಾಲೂರಿ ಕುಳಿತು ನಾನು ಶುಚಿತ್ವದ ಉಪನ್ಯಾಸ ಮಾಡುತ್ತಿದ್ದೆ.

ಮೇಸ್ತ್ರಿಯನ್ನು ಕರೆಸಿ ತೋರಿಸಿದೆ. ಹಗೇವಿನ ಒಡಲಿನಿಂದ ಕೊಳಚೆ ಒಸರಿ, ತಳಪಾಯವನ್ನು ನೆನೆಸಿ, ಫಕೀರವ್ವನ ಗೋಡೆ ಅವಳ ಒಲೆಯ ಕಡೆಗೆ ಉಬ್ಬಿ ನಿಂತಿದೆ. ಒಂದು ದೊಡ್ಡ ಮಳೆ ಬಿದ್ದರೆ ಗೋಡೆಯೂ ಮಾಳಿಗೆಯೂ ಮುದುಕಿಯ ಮೇಲೆ ಬೀಳುತ್ತವೆ ಎಂದನು. ಜೂನಿನ ಮಿರುಗದ ಮಳೆಗೆ ಮುನ್ನ ಹಗೇವನ್ನು ಬರಿದು ಮಾಡಿ ಕಲ್ಲು ಗರಸು ತುಂಬಬೇಕು, ಗೋಡೆಯನ್ನು ಬುಡದಿಂದ ಕೆಡವಿ ಕಟ್ಟಬೇಕು. ಎಲ್ಲ ಕೂಡಿ ಮೂವತ್ತೆರಡು ಸಾವಿರ. ಅದನ್ನು ಸಲಾವುದ್ದೀನನಿಗೆ ತಿಳಿಸಿದರೆ, ಅವನು ಭಜಿಯ ಝಾರಾ ಸೌಟನ್ನು ಬಾಣಲೆಗೆ ಕುಟ್ಟುತ್ತ ಹೇಳಿದ್ದೇನು ಗೊತ್ತೆ? "ತಗ್ಗ ನಿಮ್ದು, ಹೊಲಸ ನಂದು. ನನ್ನ ಹೊಲಸ ನಾ ಒಯ್ತೇನ್ರಿ ಮಾಸ್ತರ, ನಿಮ್ಮ ತಗ್ಗ ನೀವ ಇಟಗೋರಿ." ಇಷ್ಟು ಹೇಳಿ, ಅದೇ ಕೈಯಿಂದ ಒಬ್ಬ ಗಿರಾಕಿಗೆ ಭಜಿ ಕೊಟ್ಟನು. ಆ ಗಿರಾಕಿ ತಿಂದನು. ನಾನು ಹೊರಗೆ ಬಂದು ಗಿಡದ ಬುಡದಲ್ಲಿ ಕುಳಿತೆ.

ನ್ಯಾಯಾಲಯಕ್ಕೆ ಹೋದರೆ ತೀರ್ಪು ಬರುವಷ್ಟರಲ್ಲಿ ಎಷ್ಟು ಮಳೆಗಾಲ ಕಳೆಯುತ್ತವೆಯೋ! ಆದ್ದರಿಂದ ಪೇಟೆಯ ಹಿರಿಯರನ್ನು ಕೂಡಿಸಿದೆ. ಜವಳಿ ವ್ಯಾಪಾರಿ ಗೋಣೆಪ್ಪನವರು ಮುಖ್ಯಸ್ಥರು. ಅವರು ತಮ್ಮ ಅಂಗಡಿಯ ಬಿಳಿ ಗಾದಿಯ ಮೇಲೆ, ಗಾಳಿಯಂತ್ರದ ಕೆಳಗೆ ಸಭೆ ಎಂದರು. ನಾನು ಒಪ್ಪಲಿಲ್ಲ. ಮಳಿಗೆಯಲ್ಲಿ, ತೆರೆದ ಹಗೇವಿನ ಬಾಯಿಯ ಸುತ್ತ ಚಾಪೆ ಹಾಸಿಸಿದೆ. "ಏನ್ರಿ ಮಾಸ್ತರ, ಇಂಥಾ ವಾಸನಿಯೊಳಗ ಕುಂತ ನ್ಯಾಯ ಹ್ಯಾಂಗ ಮಾಡೂದ್ರಿ?" ಎಂದು ಗೋಣೆಪ್ಪನವರು ಧೋತರದ ಚುಂಗನ್ನು ಮೂಗಿಗೆ ಒತ್ತಿಕೊಂಡರು. ಗಾದಿಯ ಮೇಲೆ ಕುಳಿತರೆ ನಿಮಗೆ ನನ್ನ ಮಾತು ಮಾತ್ರ ಕೇಳಿಸುತ್ತದೆ, ಇಲ್ಲಿ ಕುಳಿತರೆ ವಿಷಯವೇ ನಿಮ್ಮೊಡನೆ ಮಾತಾಡುತ್ತದೆ ಎಂದೆ. ಸಲಾವುದ್ದೀನನಿಗೆ ಅಲ್ಲಿಯೂ ನಗೆ. "ಅಜ್ಜಾರು ತೋಡಿದ್ರು, ಅಪ್ಪಾರು ಮುಚ್ಚಿದ್ರು, ನಾ ಸುರದೇನಿ. ಮೂರೂ ಮಂದಿ ಕೂಡಿ ಕೊಡೂಣಲ್ರಿ" ಎಂದನು. ಸತ್ತ ಹಿರಿಯರನ್ನು ಆ ಬಾಯಿಂದ ಎತ್ತಬೇಡವೆಂದು ನಾನು ಗದರಿಸಿದೆ. ಆಗ ಫಕೀರವ್ವ ಎದ್ದು ಬಂದು ಹಗೇವಿನ ಬಾಯಿಗೆ ತೀರ ಹತ್ತಿರ ಕುಳಿತಳು. ಸೆರಗನ್ನು ಮೂಗಿಗೆ ಹಿಡಿಯಲಿಲ್ಲ. ಗೋಣೆಪ್ಪನವರು, "ಯವ್ವಾ, ದೂರ ಸರಿ, ತಲಿ ತಿರಗೀತು" ಎಂದರೆ, "ದೀಪಾವಳಿಯಿಂದ ಇದರಾಗ ಉಂಡೇನಿ, ಇದರಾಗ ಮಲಗೇನಿ, ನನಗ ರೂಢಿ ಆಗೈತ್ರಿ ಯಪ್ಪಾ. ನೀವು ನಿಮ್ಮ ನ್ಯಾಯ ಮಾಡ್ರಿ" ಎಂದಳು. ಗೋಣೆಪ್ಪನವರು, "ಲೇ ಸಲಾವುದ್ದೀನಾ, ಪೂರಾ ಖರ್ಚು ನಿಂದ. ಹೂಂ ಅನ್ನಲೇ ಲಗೂನ, ನನ್ನ ಜೀವಾ ಹೊಂಟೈತಿ" ಎಂದು ಕೂಗಿದರು. ಅವನು ಹೂಂ ಎಂದನು. ಚಪ್ಪಡಿಯ ಕೆಳಗೆ ಹಗೇವಿರುವುದು ಅವನಿಗೆ ತಿಳಿದದ್ದಾದರೂ ಹೇಗೆ ಎಂದು ನಾನು ಕೇಳಿದ್ದಕ್ಕೆ ಮಾತ್ರ, "ಅದ ಬಿಡ್ರಿ ಮಾಸ್ತರ" ಎಂದು ನೆಲ ನೋಡಿದನು. ಅಪ್ಪನ ಕಾಲದ ಯಾವನೋ ಗಾರೆಕೆಲಸದವನು ಬಾಯಿಬಿಟ್ಟಿರಬೇಕು.

ಹಗೇವನ್ನು ಬರಿದು ಮಾಡಲು ಗದಗಿನಿಂದ ಕೊಳಚೆ ಹೀರುವ ವಾಹನವನ್ನು ತರಿಸಿದೆ. ಒಳಗೆ ಮನುಷ್ಯರನ್ನು ಇಳಿಸಕೂಡದೆಂದು ನಾನೇ ಎದುರಿಗೆ ನಿಂತಿದ್ದೆ. ನಳಿಗೆಯಲ್ಲಿ ಹರಿದು ಹೋದದ್ದನ್ನು ವರ್ಣಿಸಲು ನಮ್ಮ ಭಾಷೆಯಲ್ಲಿ ಶಬ್ದಗಳಿವೆ, ಆದರೆ ತಮ್ಮನಿಗೆ ಬರೆಯುವ ಪತ್ರದಲ್ಲಿ ಅವನ್ನು ಇಡಲಾರೆ. ಈಗ ಕಲ್ಲು ಗರಸು ತುಂಬಿಯಾಗಿದೆ. ನಿನ್ನೆ ಗೋಡೆಯನ್ನು ಕೆಡವಿದರು. ಮುದುಕಿಯನ್ನು ನಮ್ಮ ಮನೆಗೆ ಕರೆದರೆ, "ನಾಕ ದಿನದ ಮಾತ್ರಿ, ಕಟ್ಟಿ ಮ್ಯಾಲ ಮಲಗತೇನಿ" ಎಂದು ಬರಲಿಲ್ಲ. ನಾಳೆ ಗೋಡೆಯ ಕೆಲಸ ಮೊದಲಾಗಬೇಕು. ಸಲಾವುದ್ದೀನನು ಇಂದು ಸಂಜೆ ಹಣವನ್ನೆಲ್ಲ ತರುತ್ತೇನೆಂದಿದ್ದಾನೆ. ಅಂಗಡಿಯನ್ನಂತೂ ಬಿಡಿಸಿದ್ದೇನೆ.

ನನಗೀಗ ಚಹಾ ಸೇರುವುದಿಲ್ಲ. ಬಟ್ಟಲನ್ನು ಕಂಡರೆ ಆ ಗುಳುಗುಳು ಕೇಳಿಸುತ್ತದೆ. ಸುಗರಾ ಮಾತ್ರ, "ಎರಡ ವರ್ಷ ನನ್ನ ಚಹಾ ಸಪ್ಪಗಿತ್ತು, ಈಗರೆ ರುಚಿ ಹತ್ತೇತೇನ್ರಿ?" ಎಂದು ಚುಚ್ಚುತ್ತಾಳೆ. ಖಾದರ, ಈ ಪ್ರಕರಣದಲ್ಲಿ ನನಗೆ ಇದ್ದ ಒಂದೇ ನೆಮ್ಮದಿ ನೀನು. ಕಸವನ್ನು ಕಣ್ಣಿಗೆ ಮರೆಮಾಡಿ ಸ್ವಚ್ಛವೆನ್ನುವ ಇಂಥ ಜನರ ನಡುವೆಯೂ, ಅಪ್ಪ ಕಲಿಸಿದ ಶುಚಿಯನ್ನು ಮರೆಯದ ಒಬ್ಬ ತಮ್ಮ ನನಗಿದ್ದಾನಲ್ಲ ಎಂದು ಎದೆ ತುಂಬುತ್ತದೆ. ಇನ್ನು ಮುಂದೆ ಮಳಿಗೆಯನ್ನು ಯಾರಿಗೆ ಕೊಡುವುದಾದರೂ ನಿನ್ನನ್ನು ಕೇಳಿಯೇ ಕೊಡುವೆ.

ಮೆಹನಾಜಳಿಗೆ ನಮ್ಮಿಬ್ಬರ ಆಶೀರ್ವಾದ. ನಿನ್ನ ಕಾಲು ಬೇಗ ಗುಣವಾಗಲಿ, ನಿನ್ನ ದುಡಿಮೆಯಲ್ಲಿ ಬರಕತ್ತು ಇರಲಿ. ಎಣ್ಣೆ ತಿಕ್ಕಿಸಿಕೊಳ್ಳುವುದನ್ನು ಬಿಡಬೇಡ.

ಇಂತು ನಿನ್ನ ಹಿತವನ್ನೇ ಬಯಸುವ ಅಣ್ಣ,
ಗೌಸುಸಾಬ

ಮರೆತ ಮಾತು: ಮರೆತದ್ದಲ್ಲ, ಈಗಷ್ಟೇ ತಿಳಿದದ್ದು. ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಸಲಾವುದ್ದೀನ ಬಂದನು. ಹದಿನಾರು ಸಾವಿರವನ್ನಷ್ಟೇ ತಂದಿದ್ದನು. ಉಳಿದದ್ದೆಲ್ಲಿ ಎಂದೆ. "ಉಳಿದಿದ್ದ ನಿಮ್ಮ ತಮ್ಮನ ಕೇಳ್ರಿ. ಅಂಗಡಿ ಹಿಡದ ವರ್ಷ ಬಕ್ರೀದಿಗೆ ಬಂದಾಗ ಚಪ್ಪಡಿ ಯಾವದು ಅಂತ ತೋರಿಸಿದಾವ ಅಂವ, ಕಬ್ಬಿಣದ ಹಾರಿ ಹಾಕಿ ಎಬ್ಬಿಸಿದಾವ ಅಂವ. 'ಗಟಾರಕ್ಕ ನಾ ಯಾಕ ರೊಕ್ಕಾ ಹಾಕ್ಲಿ, ಇದರಾಗ ಸುರಿ, ಅಣ್ಣಗ ಹೇಳಬ್ಯಾಡ' ಅಂದಾವನೂ ಅಂವನ. ಪಂಚರ ಮುಂದ ದೋಸ್ತನ ಹೆಸರ ತಗೀಲಿಲ್ಲ, ಆದ್ರ ಅವನ ಪಾಲ ನಾ ಕೊಡೂದಿಲ್ರಿ" ಎಂದನು. ಅವನು ಅದನ್ನು ಗೆಳೆತನ ಎನ್ನುತ್ತಾನೆ. ನನಗೆ ಅದು ಇಬ್ಬರು ಕೊಳಕರ ಒಪ್ಪಂದವಾಗಿ ಕಾಣುತ್ತದೆ. ಮಳಿಗೆಯನ್ನು ಬಾಡಿಗೆಗೆ ಕೊಟ್ಟ ಹೊಸದರಲ್ಲಿ ಗಟಾರ ಕಟ್ಟಿಸಲು ನಾನು ನಿನ್ನಿಂದ ಅರ್ಧ ಖರ್ಚನ್ನು ಕೇಳಿದಾಗ, ಸಲಾವುದ್ದೀನನಿಗೆ ಗಟಾರವೇ ಬೇಡವಂತೆ ಎಂದು ಬರೆದವನು ನೀನೇ ಅಲ್ಲವೆ? ಮೇಲೆ ನಿನ್ನನ್ನು ಕುರಿತು ಬರೆದ ಒಳ್ಳೆಯ ಮಾತುಗಳನ್ನು ಓದಬೇಡ. ಅವನ್ನು ಹೊಡೆದುಹಾಕಿ ಮತ್ತೆ ಬರೆಯಲು ನನಗೆ ವ್ಯವಧಾನವಿಲ್ಲ. ಅವನು ತಂದ ಹಣ ಹಗೇವಿನ ಕೆಲಸಕ್ಕೆ ಸರಿಹೋಯಿತು, ಗೋಡೆಯ ಹದಿನಾರು ಸಾವಿರ ನಿನ್ನ ಪಾಲಿಗೆ ಉಳಿಯಿತು. ಮೇಸ್ತ್ರಿಗೆ ನಾಳೆ ಬರಬೇಡವೆಂದು ಹೇಳಿ ಕಳುಹಿಸಿದ್ದೇನೆ. ಇದು ನಾಲ್ಕು ದಿನದ ಮಾತಲ್ಲವೆಂದು ತಿಳಿದ ಮೇಲೆ ಫಕೀರವ್ವನನ್ನು ಕೈಹಿಡಿದು ಕರೆತಂದು ನಿನ್ನ ಕೋಣೆಯಲ್ಲಿ ಇರಿಸಿದ್ದೇನೆ. ಒಲೆಯನ್ನೂ ಅಲ್ಲಿಯೇ ಹೂಡಿದ್ದಾಳೆ. ಈ ಸಲ ಈದಿಗೆ ನೀನು ಊರಿಗೆ ಬಂದರೆ ಮಲಗಲು ಜಾಗವಿಲ್ಲ. ಅವಳ ಗೋಡೆ ಎದ್ದ ದಿನ ನಿನ್ನ ಕೋಣೆ ತೆರವಾಗುತ್ತದೆ.